ಶಿಕ್ಷೆ ಇಳಿಸುವಾಗ ಮಗು ಎಲ್ಲಿತ್ತು?

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಶಿಕ್ಷೆಯಾಯಿತೆಂದು ಓದಿದಾಗ ಬಸವನಗುಡಿ, ಚಾಮರಾಜಪೇಟೆಯ ಮನೆಗಳಲ್ಲಿ ‘ಸದ್ಯ, ನ್ಯಾಯ ಸಿಕ್ಕಿತು’ ಎಂದು ಪತ್ರಿಕೆ ಮಡಚಿಡುತ್ತೇವೆ. ಕಡತ ಮಾತ್ರ ಅಲ್ಲಿಂದ ಅಠಾರಾ ಕಚೇರಿಯ ಹೈಕೋರ್ಟಿಗೆ ಹೊರಡುತ್ತದೆ. ಮೇಲ್ಮನವಿ ಅಪರಾಧಿಯ ಹಕ್ಕು. ತಪ್ಪು ತೀರ್ಪಿನಿಂದ ನಿರಪರಾಧಿಯೊಬ್ಬ ಜೈಲಿನಲ್ಲಿ ಕೊಳೆಯಬಾರದು, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು, ಅಪರಾಧ ಸಾಬೀತೆಂದು ಒಪ್ಪಿದ ಮೇಲೆ ಶಿಕ್ಷೆಯನ್ನು ತೂಗುವ ಬಗೆಗೆ.

‘ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ’ ತೀರ್ಪನ್ನು ಇದಕ್ಕಾಗಿಯೇ ಓದಬೇಕು. ಏಳೆಂಟು ವರ್ಷದ ಮಗುವಿನ ಮೇಲೆ 49ರ ಗಂಡಸು ಎಸಗಿದ ಅತ್ಯಾಚಾರ. ವಿಚಾರಣಾ ನ್ಯಾಯಾಲಯ 10 ವರ್ಷ ವಿಧಿಸಿತು. ಹೈಕೋರ್ಟ್ ಅದನ್ನು 4ಕ್ಕೆ ಇಳಿಸಿತು. ಅವನು ಅನಕ್ಷರಸ್ಥ, ದುರ್ಬಲ ವರ್ಗದವನು, ಕುಡಿತದ ದಾಸ, ಕುಡಿದ ಅಮಲಿನಲ್ಲೇ ಕೃತ್ಯ ಎಸಗಿದವನು. ಮನೆಯಲ್ಲಿ ಮುದಿ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿದ್ದಾರೆ. ಕಾರಣಗಳು ಇವು. ಒಂದೊಂದೂ ಅವನ ಬದುಕಿನದು. ಆ ಪುಟ್ಟ ಹುಡುಗಿಯ ಬದುಕಿನದು ಒಂದಾದರೂ ಇದೆಯೇ? ಇನ್ನು, ಅನಕ್ಷರತೆಯನ್ನು ಇಂಥ ಕೃತ್ಯಕ್ಕೆ ರಿಯಾಯಿತಿಯಾಗಿ ಕೊಡುವುದು ಮಾನವಂತರಾಗಿ ಬಾಳುವ ಲಕ್ಷಾಂತರ ಅನಕ್ಷರಸ್ಥರಿಗೆ ಮಾಡುವ ಅವಮಾನ. 2000ದಲ್ಲಿ ನ್ಯಾಯಮೂರ್ತಿ ಎ.ಎಸ್. ಆನಂದ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇವು ಯಾವುವೂ ಕನಿಷ್ಠ ಶಿಕ್ಷೆಗಿಂತ ಕೆಳಗಿಳಿಯಲು ಬೇಕಾದ ವಿಶೇಷ ಕಾರಣಗಳಲ್ಲ ಎಂದು 10 ವರ್ಷವನ್ನೇ ಮರಳಿ ವಿಧಿಸಿತು. ಶಿಕ್ಷೆ ನಿಲ್ಲಬೇಕಾದದ್ದು ಯಾರ ಅಂತಸ್ತಿನ ಮೇಲೂ ಅಲ್ಲ, ಕೃತ್ಯದ ಕ್ರೌರ್ಯ ಮತ್ತು ಮಗುವಿನ ವಯಸ್ಸಿನ ಮೇಲೆ ಎಂಬ ಅದರ ನಿಲುವು ಇವತ್ತಿಗೂ ಗಟ್ಟಿ.

ಆದರೆ ಆ ತಿದ್ದುಪಡಿ ಆದದ್ದು ಸರ್ಕಾರ ಮೇಲ್ಮನವಿ ಹಾಕಿದ್ದರಿಂದ. ಸರ್ಕಾರ ಸುಮ್ಮನಿದ್ದಿದ್ದರೆ ನಾಲ್ಕೇ ವರ್ಷ ಉಳಿಯುತ್ತಿತ್ತು. ಸಂತ್ರಸ್ತರಿಗೆ 2009ರಲ್ಲಿ ಮೇಲ್ಮನವಿಯ ಹಕ್ಕು ಬಂತು. ಖುಲಾಸೆಯ ವಿರುದ್ಧ ಅವರು ಹೋಗಬಹುದು. ಶಿಕ್ಷೆ ಕಡಿಮೆಯಾಯಿತೆಂದು ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಅಪ್ಪ ಅಮ್ಮ ಸರ್ಕಾರಿ ವಕೀಲರ ಮರ್ಜಿ ಕಾಯಬೇಕು.

ಹೀಗೆ ಶಿಕ್ಷೆ ಇಳಿಸುವುದಕ್ಕೆ ಸಂಸತ್ತು ಕಂಡುಕೊಂಡ ಮದ್ದು ಬೇರೆ. 2013ರಲ್ಲಿ ಅತ್ಯಾಚಾರದ ಕನಿಷ್ಠ ಶಿಕ್ಷೆಗಿಂತ ಕೆಳಗಿಳಿಯುವ ವಿವೇಚನೆಯನ್ನೇ ನ್ಯಾಯಾಧೀಶರಿಂದ ಕಿತ್ತುಕೊಂಡಿತು. 2019ರಲ್ಲಿ, 16 ತುಂಬದ ಮಗುವಿನ ಮೇಲಿನ ಒಳತೂರುವ (ಪೆನಿಟ್ರೇಟಿವ್) ಲೈಂಗಿಕ ಆಕ್ರಮಣಕ್ಕೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಕನಿಷ್ಠ ಶಿಕ್ಷೆಯನ್ನು 20 ವರ್ಷಕ್ಕೆ ಏರಿಸಿತು. ಆ ಸಿಟ್ಟು ಸಹಜ, ಮದ್ದು ಮಾತ್ರ ಅರೆಬರೆ. ಹದಿಹರೆಯದವರ ಸಮ್ಮತಿಯ ಸಂಬಂಧವೂ ಇದೇ ಕಾಯ್ದೆಯಡಿ ಅಪರಾಧವಾಗುತ್ತದೆ. ಮನಸೊಪ್ಪಿ ಒಬ್ಬನ ಜತೆಗೆ ಹೋದ 17ರ ಹುಡುಗಿ ಮುಂದೆ ಅವನನ್ನೇ ಮದುವೆಯಾಗಿ ತಾಯಿಯಾಗಿದ್ದ ಪ್ರಕರಣದಲ್ಲಿ, 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಖುಲಾಸೆಯನ್ನು ಎತ್ತಿಹಿಡಿದು, ಸಮ್ಮತಿಯ ವಯಸ್ಸನ್ನು ಮರುಚಿಂತಿಸಲು ಕಾನೂನು ಆಯೋಗಕ್ಕೆ ಹೇಳಬೇಕಾಯಿತು. ಆಯೋಗ 2023ರಲ್ಲಿ ವಯಸ್ಸು ಇಳಿಸಲು ಒಪ್ಪಲಿಲ್ಲ. ಆದರೂ 16ರಿಂದ 18ರೊಳಗಿನವರ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿವೇಚನೆ ನ್ಯಾಯಾಧೀಶರಿಗೆ ಇರಲಿ ಎಂದಿತು.

ನನಗೆ ಇದು ಸರಿ ಕಾಣುತ್ತದೆ, ಒಂದು ಷರತ್ತಿನ ಮೇಲೆ. ಶಿಕ್ಷೆ ಇಳಿಸುವ ಪ್ರತಿ ಆದೇಶವೂ ಮಗುವಿಗೆ ಏನಾಯಿತು, ಈಗ ಹೇಗಿದೆ ಎಂಬುದನ್ನು ಮೊದಲು ಬರೆಯಬೇಕು. ಆ ಬರಹ ಒಪ್ಪಿಗೆಯಾಗದಿದ್ದರೆ ಸರ್ಕಾರದ ದಾರಿ ಕಾಯದೆ ಮೇಲಿನ ಕೋರ್ಟಿಗೆ ಹೋಗುವ ಹಕ್ಕು ಮಗುವಿನ ಮನೆಯವರಿಗೂ ಇರಬೇಕು.