ಶಕವರ್ಷದ ಕಾಲಂ, ಕೆಲಸ ಮಾಡದ ಕಾವಲು

ಬಿ. ಎಲ್. ರೈಸರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೇ ಸಂಪುಟ ತುಮಕೂರು ಜಿಲ್ಲೆಯದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಶಾಸನಾಸಕ್ತರು ಇವತ್ತಿಗೂ ಮೊದಲು ತೆರೆಯುವುದು ಅದನ್ನೇ. ಅದನ್ನು ಆಧರಿಸಿದ ಒಂದು ಡಿಜಿಟಲ್ ಪಟ್ಟಿ ಈಚೆಗೆ ನೋಡಲು ಸಿಕ್ಕಿತು. ಊರು, ಅರಸ, ದಾನಿ, ದತ್ತಿಯ ವಿವರಗಳನ್ನು ಶ್ರದ್ಧೆಯಿಂದ ತುಂಬಿದ್ದಾರೆ. ನನ್ನ ತಕರಾರಿರುವುದು ಕಾಲ ಸೂಚಿಸುವ ಕಾಲಂಗಳ ಬಗ್ಗೆ.

ಶಕವರ್ಷದ ಕಾಲಂ ಅನ್ನು ‘ಪಠ್ಯ’ ಎಂದು ಘೋಷಿಸಿದ್ದಾರೆ. ಅದಕ್ಕೆ ಕಾರಣವೂ ಇದೆ. ಕಲ್ಲು ಸವೆದ ಕಡೆ ‘[೧೧]೮೨’ ಅಂತ ಕಂಸ ಹಾಕಲೇಬೇಕು. ಆದರೆ ಅದೇ ಕಾಲಂಗೆ ಕನಿಷ್ಠ 500, ಗರಿಷ್ಠ 1800 ಎಂದು ಸಂಖ್ಯೆಯ ಮಿತಿ ಇಟ್ಟಿದ್ದಾರೆ. ನಮ್ಮ ಕಡೆ ಕೊಬ್ಬರಿ ತೂಕಕ್ಕೆ, ಎಳನೀರು ಎಣಿಕೆಗೆ. ಎಳನೀರಿನ ಮಿತಿಯನ್ನ ಕ್ವಿಂಟಾಲಿನಲ್ಲಿ ಬರೆದರೆ ಗೇಟಿನಲ್ಲಿ ನಿಂತವನು ಏನು ತಾನೇ ಮಾಡ್ತಾನೆ? ಜೇಸನ್ ಸ್ಕೀಮಾದಲ್ಲಿ ಕನಿಷ್ಠ–ಗರಿಷ್ಠ ನಿರ್ಬಂಧ ಸಂಖ್ಯೆಗಳಿಗೆ ಮಾತ್ರ ಅನ್ವಯ. ಬೆಲೆ ಪಠ್ಯವಾಗಿದ್ದರೆ ಅದು ದೋಷ ತೋರಿಸದೆ ಸುಮ್ಮನಾಗುತ್ತದೆ. ಬೆರಳು ತಪ್ಪಿ ‘11182’ ಎಂದಾದರೂ ಒಳಗೆ ಬಂದುಬಿಡುತ್ತದೆ. ಕಾವಲಿದೆ ಅಂತ ನಂಬಿದವರಿಗೆ ಗೊತ್ತೇ ಆಗೋದಿಲ್ಲ.

ಪಠ್ಯವನ್ನು ಕಾಲಾನುಕ್ರಮಕ್ಕೆ ಜೋಡಿಸಿದರೆ ಇನ್ನೊಂದು ಅನಾಹುತ. ಪಠ್ಯದ ಲೆಕ್ಕದಲ್ಲಿ ಮೊದಲ ಅಂಕಿಯೇ ಮುಖ್ಯ, ಹಾಗಾಗಿ 1ರಿಂದ ಶುರುವಾಗುವ 1182 ಮುಂದೆ, 8ರಿಂದ ಶುರುವಾಗುವ ಶಕ 800ರ ವರ್ಷಗಳು ಹಿಂದೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಕಾಲದ ನೊಳಂಬರು, ಅದೇ ಊರಲ್ಲಿ ಚೆನ್ನಕೇಶವನ ಗುಡಿ ಎದ್ದ ಹೊಯ್ಸಳರ ಕಾಲಕ್ಕಿಂತ ಈಚಿನವರಾಗಿ ಕಾಣ್ತಾರೆ!

ಕ್ರಿಸ್ತಶಕದ ಕಾಲಂನಲ್ಲಿ ತಪ್ಪು ಇನ್ನೂ ಸೂಕ್ಷ್ಮ. ಅದರ ಬಗೆ ‘ದಿನಾಂಕ’. ತಿಥಿ ಅಳಿಸಿಹೋಗಿ ಶಕ 1182, ರೌದ್ರಿ ಸಂವತ್ಸರ ಎಂದಷ್ಟೇ ಉಳಿದ ಶಾಸನ ಇದೆ ಅಂತಿಟ್ಟುಕೊಳ್ಳಿ. ದಿನಾಂಕ ಕೇಳುವ ಕಾಲಂ 1260 ಜನವರಿ 1 ಎಂದು ತುಂಬಿಸಿಕೊಳ್ಳುತ್ತದೆ. ಆದರೆ ಆ ದಿನ ಇನ್ನೂ ಶಕ 1181, ಸಿದ್ಧಾರ್ಥಿ ಸಂವತ್ಸರ. ರೌದ್ರಿ ಶುರುವಾಗುವುದು ಚೈತ್ರದಲ್ಲಿ. ಕಲ್ಲು ಹೇಳದ ದಿನವನ್ನು ಹೇಳಹೋಗಿ, ಅದು ಹೇಳಿದ ಸಂವತ್ಸರವನ್ನೇ ಸುಳ್ಳಾಗಿಸಿದಂತಾಯಿತು.

ಸಂವತ್ಸರದ ಕಾಲಂನಲ್ಲಿ ಹೆಸರುಗಳಿವೆ, ಅನುಮತಿಸಿದ ಬೆಲೆಗಳ ಪಟ್ಟಿಯಲ್ಲಿ ಮಾತ್ರ 1ರಿಂದ 60ರ ಸಂಖ್ಯೆಗಳು. ಇಲ್ಲಿ ಪ್ರತಿ ಸಾಲೂ ತಿರಸ್ಕೃತ. ಇದೇ ವಾಸಿ, ಕೂಡಲೇ ಕಣ್ಣಿಗೆ ಬೀಳುತ್ತೆ.

ಪರಿಹಾರ ಕಷ್ಟದ್ದಲ್ಲ. ಕಲ್ಲಿನ ಪಾಠಕ್ಕೆ ಒಂದು ಪಠ್ಯ ಕಾಲಂ ಇರಲಿ, ಅದಕ್ಕೆ ಕನಿಷ್ಠ–ಗರಿಷ್ಠ ಬೇಡ. ಸಂಪಾದಕರು ನಿರ್ಣಯಿಸಿದ ಶಕವರ್ಷಕ್ಕೆ ಬೇರೆ ಪೂರ್ಣಾಂಕ ಕಾಲಂ, ಅದಕ್ಕೆ ಪೂರ್ಣಾಂಕದ ಮಿತಿ. ಕ್ರಿಸ್ತಶಕಕ್ಕೆ ‘ಇಂದ’, ‘ವರೆಗೆ’ ಎಂಬ ಎರಡು ವರ್ಷಗಳು: 1260, 1261. ಸಂವತ್ಸರಕ್ಕೆ ಅರವತ್ತು ಹೆಸರುಗಳದೇ ಪಟ್ಟಿ. ತೇದಿಯಿಲ್ಲದ ವೀರಗಲ್ಲಿಗೆ ಸೊನ್ನೆ ತುಂಬಬೇಡಿ, ಖಾಲಿ ಬಿಡಿ. ಲಿಪಿ ನೋಡಿ ಶತಮಾನ ಹೇಳುವುದು ಓದುಗನ ಊಹೆ, ಅದು ಶಾಸನದ ಮಾತಲ್ಲ. ಪಟ್ಟಿಯಲ್ಲೂ ಅವೆರಡು ಬೇರೆಬೇರೆ ಕಾಲಂನಲ್ಲೇ ಇರಬೇಕು.