‘ಪಕ್ಕದ ಚಿತ್ರ ನೋಡಿ’

ಸಾಹಿತ್ಯದ ಪುರವಣಿಯಲ್ಲಿ ಗಣಿತದ ಪಠ್ಯಪುಸ್ತಕದ ವಿಮರ್ಶೆಯೇ ಎಂದು ಕೆಲವರು ನಕ್ಕಾರು. ನಗಲಿ. ನಮ್ಮಲ್ಲಿ ಎಲ್ಲರೂ ಓದಲೇಬೇಕಾದ ಗದ್ಯವೆಂದರೆ ಪಠ್ಯಪುಸ್ತಕದ್ದು. ಅದರ ಗುಣದೋಷ ನೋಡುವವರೇ ಕಡಿಮೆ. ಯಮನೂರಿಗೆ ಹೋಗದಿದ್ದರೆ ನಾನೂ ನೋಡುತ್ತಿರಲಿಲ್ಲ.

ಬೆಣ್ಣೆಹಳ್ಳದ ದಂಡೆಯ ಈ ಊರಿನ ದೈವಕ್ಕೆ ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುತ್ತಾರೆ. ಹೋದ ವರ್ಷ ಜಾತ್ರೆಗೆಂದು ನಾನು ಇಳಿದುಕೊಂಡಿದ್ದ ಮನೆಗೆ ನೆಂಟರ ಹುಡುಗನೊಬ್ಬ ಬಂದಿದ್ದ. ಎಂಟನೆಯ ಇಯತ್ತೆ, ಹುಟ್ಟಿನಿಂದ ಕಣ್ಣಿಲ್ಲ. ಹಿರಿಯರದೆಲ್ಲ ಒಂದೇ ಮಾತು: “ಗದಗಕ್ಕ ಕಳಸ್ರಿ, ಹಾಡಾ ಕಲೀಲಿ.” ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳಗಿಸಿದ ವೀರೇಶ್ವರ ಪುಣ್ಯಾಶ್ರಮದ ಹಿರಿಮೆ ಸಣ್ಣದಲ್ಲ. ಆದರೆ ಈ ಹುಡುಗನಿಗೆ ಬೇಕಾದದ್ದು ಲೆಕ್ಕ.

ಸಂಜೆ ಅಚ್ಚಿನ ಪುಸ್ತಕ ಹಿಡಿದು ಅವನಿಗೆ ಓದಿ ಹೇಳಲು ಕುಳಿತೆ. ಆರಂಭದಲ್ಲೇ ‘ಪಕ್ಕದ ಚಿತ್ರ ನೋಡಿ’. “ಯಾವ ಬಾಜೂಕ ನೋಡ್ಲೀ ಕಾಕಾ?” ಎಂದು ಹುಡುಗ ನಕ್ಕ. ಮುಂದೆ ‘ಎಕ್ಸ್ ಕೂಡಿಸು ಒಂದು, ಭಾಗಿಸು ಎರಡು’ ಎಂದು ಓದಿದೆ. “ಭಾಗಿಸೂದು ಬರೇ ಒಂದನ್ನೋ, ಎಲ್ಲಾ ಕೂಡಿಸಿಯೋ?” ಎಂದ. ಎಕ್ಸ್ ಮೂರಾದರೆ ಒಂದು ಬಗೆಯಲ್ಲಿ ಉತ್ತರ ಮೂರೂವರೆ, ಇನ್ನೊಂದು ಬಗೆಯಲ್ಲಿ ಎರಡು. ಕಣ್ಣಿಗಾದರೆ ಅಡ್ಡಗೆರೆಯ ಉದ್ದವೇ ಇದನ್ನು ಹೇಳಿಬಿಡುತ್ತದೆ; ನನ್ನ ನಾಲಗೆಗೆ ಅದು ದಕ್ಕಲಿಲ್ಲ.

ಹಾಗೆಂದು ಬ್ರೈಲ್ ಲಿಪಿಗೂ ದಕ್ಕದೆಂದಲ್ಲ. ಆರು ಚುಕ್ಕೆಗಳ ಒಂದು ಮನೆ, ಅದರಿಂದ ಹೊರಡುವ 63 ಗುರುತುಗಳು: ಇಷ್ಟೇ ಅದರ ಬಂಡವಾಳ. ಭಾರತೀ ಬ್ರೈಲ್‌ನಲ್ಲಿ ಸಂಖ್ಯಾಚಿಹ್ನೆಯನ್ನು ಮುಂದಿಟ್ಟರೆ ‘ಅ’ ಒಂದಾಗುತ್ತದೆ, ‘ಬ’ ಎರಡಾಗುತ್ತದೆ. ಕೂಡುವ ಕಳೆಯುವ ಲೆಕ್ಕಕ್ಕೆ ಇದು ಸಾಕು, ಬೀಜಗಣಿತಕ್ಕೆ ಸಾಲದು. ತಾನೇ ಅಂಧನಾಗಿದ್ದ ಅಮೆರಿಕದ ಗಣಿತಜ್ಞ ಅಬ್ರಹಾಂ ನೆಮೆತ್ (1918–2013), 1952ರಲ್ಲಿ ಪ್ರಕಟವಾದ ತನ್ನ ಸಂಕೇತಪದ್ಧತಿಯಲ್ಲಿ ಅಂಕಿಗಳನ್ನು ಮನೆಯ ಕೆಳಭಾಗಕ್ಕೆ ಇಳಿಸಿದ; ಭಿನ್ನರಾಶಿ ತೊಡಗುವಲ್ಲಿ ಒಂದು, ಮುಗಿಯುವಲ್ಲಿ ಒಂದು ಗುರುತಿಟ್ಟ. ಅಡ್ಡಗೆರೆಯ ಉದ್ದ ಬೆರಳಿಗೆ ತಿಳಿಯಿತು. ನಮ್ಮ ಹುಡುಗನ ಸಂಶಯಕ್ಕೆ ಪರಿಹಾರ ಎಪ್ಪತ್ತು ವರ್ಷಗಳ ಹಿಂದೆಯೇ ಸಿಕ್ಕಿತ್ತು.

ಆದ್ದರಿಂದ ನನ್ನ ತಕರಾರು ಚುಕ್ಕೆಗಳ ಮೇಲಲ್ಲ, ಗದ್ಯದ ಮೇಲೆ. ‘ಪಕ್ಕದ ಚಿತ್ರ ನೋಡಿ’ ಎಂಬುದನ್ನು ಎಷ್ಟು ಶುದ್ಧವಾಗಿ ಬ್ರೈಲ್‌ಗೆ ಇಳಿಸಿದರೂ ಚಿತ್ರ ಜೊತೆಗೆ ಬರುವುದಿಲ್ಲ. ಚಿತ್ರವಿದೆಯೆಂಬ ಧೈರ್ಯದಲ್ಲಿ ನಮ್ಮ ಲೇಖಕರು ವಾಕ್ಯವನ್ನು ಅರ್ಧಕ್ಕೇ ಬಿಡುತ್ತಾರೆ. ಇಂಥ ಪುಸ್ತಕಕ್ಕೆ ಲಿಪ್ಯಂತರ ಸಾಲದು, ಮತ್ತೊಮ್ಮೆ ಬರೆಯಬೇಕು. ಅಂಧರಿಗೆ ಗಣಿತ ಒಗ್ಗದೆಂದು ಗೊಣಗುವವರಿಗೆ ಒಂದು ಮಾತು: ಕೇಂಬ್ರಿಜ್‌ನಲ್ಲಿ ನ್ಯೂಟನ್ ಕುಳಿತಿದ್ದ ಪೀಠಕ್ಕೆ 1711ರಲ್ಲಿ ಬಂದ ನಿಕೊಲಾಸ್ ಸಾಂಡರ್ಸನ್, ಹಸುಗೂಸಾಗಿದ್ದಾಗಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವನು.

ಪುಸ್ತಕದ ಆ ಚಿತ್ರವನ್ನು ಕೊನೆಗೆ ನಾನೇ ಮಾತಿಗೆ ಇಳಿಸಿದೆ: ಒಂದು ತ್ರಿಕೋನ, ಒಂದು ಮೂಲೆ ಲಂಬಕೋನ, ಅದರ ಎರಡು ಬದಿಗಳು ಮೂರು ಮತ್ತು ನಾಲ್ಕು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಹುಡುಗ ಪಡಸಾಲೆಯ ಮೂಲೆಯಲ್ಲಿ ಎರಡೂ ಗೋಡೆಗಳಿಗೆ ಹೊಂದಿಸಿ ಮೂರು ಗೇಣಿನದೊಂದು, ನಾಲ್ಕು ಗೇಣಿನದೊಂದು ಜೋಳದ ದಂಟು ಇಟ್ಟಿದ್ದಾನೆ. ಮೂರನೆಯ ದಂಟನ್ನು ತುದಿಯಿಂದ ತುದಿಗೆ ಅಡ್ಡ ಮಲಗಿಸಿ ಗೇಣು ಹಾಕುತ್ತಿದ್ದ.

“ಐದು ಬಂತ್ರೀ ಕಾಕಾ” ಎಂದ.