ಮರಳಿನ ಕಣ ಬೆಟ್ಟ ಎದ್ದ ಕಾಲವನ್ನು ಹೇಳುತ್ತದೆಯೇ?

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಿಂದ ಹೊನ್ನಾಳಿಗೆ ಹೋಗಿ, ತುಂಗಭದ್ರೆಯ ದಡದಲ್ಲಿ ಒಂದು ಹಿಡಿ ಮರಳು ತೆಗೆದುಕೊಂಡಿರೆಂದು ಭಾವಿಸಿ. ಅದರಲ್ಲಿ ಜಿರ್ಕಾನ್ ಎಂಬ ಖನಿಜದ ಅತಿ ಸಣ್ಣ ಹರಳುಗಳೂ ಇರುತ್ತವೆ. ಪ್ರಯೋಗಾಲಯದಲ್ಲಿ ಒಂದು ಹರಳಿನ ವಯಸ್ಸು 300 ಕೋಟಿ ವರ್ಷ ಎಂದು ಬಂದರೆ ಆಶ್ಚರ್ಯವಿಲ್ಲ. ನದಿ ಸವೆಸುವ ನೈಸ್ ಶಿಲೆಗಳು ಅಷ್ಟು ಹಳೆಯವು. ಆದರೆ ಆ ಮರಳು ದಡಕ್ಕೆ ಬಿದ್ದದ್ದು ಯಾವಾಗ? ಬಹುಶಃ ಕಳೆದ ಮಳೆಗಾಲದಲ್ಲಿ. ಸಹ್ಯಾದ್ರಿ ಎದ್ದದ್ದು ಯಾವಾಗ? ಆ ಸಂಖ್ಯೆಯಲ್ಲಿ ಇದಕ್ಕೂ ಉತ್ತರವಿಲ್ಲ.

ಮರಳುಗಲ್ಲಿನ ಕಣಗಳಿಂದ ಪುರಾತನ ಪರ್ವತಗಳು ಎದ್ದ ಕಾಲವನ್ನು ಕಂಡುಹಿಡಿಯಬಹುದು ಎಂಬ ಮಾತನ್ನು ತರಗತಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವುದುಂಟು. ಮಾತು ಸುಳ್ಳಲ್ಲ, ಅರ್ಧ ಸತ್ಯ. ಹರಳು ಹುಟ್ಟಿದ ಕಾಲ, ಅದು ತಣಿದ ಕಾಲ, ಮರಳಾಗಿ ಸಂಚಯಿಸಿದ ಕಾಲ, ಇವು ಮೂರು ಬೇರೆ ಘಟನೆಗಳು. ನೆಲ ಎತ್ತರವಾದದ್ದು ನಾಲ್ಕನೆಯದು.

ಜಿರ್ಕಾನ್ ಹರಳು ಬೆಳೆಯುವಾಗ ಯುರೇನಿಯಂ ಅದರೊಳಗೆ ಸೇರುತ್ತದೆ, ಸೀಸ ಬಹುಮಟ್ಟಿಗೆ ಹೊರಗುಳಿಯುತ್ತದೆ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಕ್ಷಯದಿಂದ ಕೂಡಿದ ಸೀಸವನ್ನು ಅಳೆದರೆ ಹರಳಿನ ಹುಟ್ಟು ತಿಳಿಯುತ್ತದೆ. ಇದು ಬಲವಾದ ಗಡಿಯಾರ. ಸಾಮಾನ್ಯ ಕಾವಿಗೆ ಅಳಿಸಿಹೋಗುವುದಿಲ್ಲ. ಆ ಕಾರಣದಿಂದಲೇ ಬೆಟ್ಟ ಎದ್ದದ್ದೂ ಇದಕ್ಕೆ ತಿಳಿಯುವುದಿಲ್ಲ.

ಅದಕ್ಕೆ ಬೇಕಾದುದು ದುರ್ಬಲ ಗಡಿಯಾರ. ಯುರೇನಿಯಂ ಪರಮಾಣು ತಾನಾಗಿ ಒಡೆದಾಗ ಹರಳಿನಲ್ಲಿ ಸೂಕ್ಷ್ಮ ಗೀರು ಉಳಿಯುತ್ತದೆ. ಇದೇ ವಿದಳನ ಜಾಡು. ಅಪಟೈಟ್‌ನಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್, ಜಿರ್ಕಾನ್‌ನಲ್ಲಿ ಸುಮಾರು 240 ಡಿಗ್ರಿ ಮೀರಿದರೆ ಜಾಡುಗಳು ಮಾಸಿಹೋಗುತ್ತವೆ. ಆದ್ದರಿಂದ ಜಾಡುಗಳ ಎಣಿಕೆ ಹರಳು ತಣಿದ ಕಾಲವನ್ನು ಹೇಳುತ್ತದೆ. 1988ರಲ್ಲಿ ಸರ್ವೆನಿ ಮತ್ತು ಸಂಗಡಿಗರು ಉತ್ತರ ಪಾಕಿಸ್ತಾನದ ಶಿವಾಲಿಕ್ ಮರಳುಗಲ್ಲಿನ ಜಿರ್ಕಾನ್‌ಗಳನ್ನು ಹೀಗೆ ಪರೀಕ್ಷಿಸಿದರು. ಅತಿ ಕಿರಿಯ ಕಣಗಳು ತಾವಿದ್ದ ಪದರಗಳಿಗಿಂತ 10ರಿಂದ 50 ಲಕ್ಷ ವರ್ಷ ಮಾತ್ರ ಹಿರಿಯವಾಗಿದ್ದವು. ಅಂದರೆ ಕಳೆದ 1.8 ಕೋಟಿ ವರ್ಷಗಳಲ್ಲಿ ಹಿಮಾಲಯದ ಯಾವುದೋ ಒಂದು ಭಾಗ ಸದಾ ವೇಗವಾಗಿ ಸವೆಯುತ್ತಿತ್ತು.

ಈ ವಿಳಂಬವನ್ನು ನೀವೇ ಲೆಕ್ಕ ಹಾಕಿ ನೋಡಿ. 240 ಡಿಗ್ರಿ ಕಾವು 8 ಕಿ.ಮೀ. ಆಳದಲ್ಲಿದೆ ಎಂದುಕೊಳ್ಳಿ. ವಿಳಂಬ 20 ಲಕ್ಷ ವರ್ಷವಾದರೆ ವೇಗ ವರ್ಷಕ್ಕೆ 4 ಮಿ.ಮೀ. ಲೆಕ್ಕ ಸರಿ, ಆದರೆ ಆಳವನ್ನು ನಾವು ಊಹಿಸಿದ್ದೇವೆ. ಬಂಡೆ ವೇಗವಾಗಿ ಮೇಲೆ ಬರುವಾಗ ಕಾವನ್ನೂ ಹೊತ್ತು ತರುತ್ತದೆ; ಆಗ 240 ಡಿಗ್ರಿಯ ಮಟ್ಟ ಇನ್ನೂ ಮೇಲಕ್ಕೆ ಸರಿಯುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 1990ರಲ್ಲಿ ಇಂಗ್ಲೆಂಡ್ ಮತ್ತು ಮಾಲ್ನಾರ್ ಎಂಬ ಭೂವಿಜ್ಞಾನಿಗಳು ನೆಲಮಟ್ಟ ಏರುವುದು, ಬಂಡೆ ಏರುವುದು, ಬಂಡೆ ಬಯಲಾಗುವುದು ಈ ಮೂರನ್ನೂ ಬೆರೆಸಬಾರದೆಂದು ಎಚ್ಚರಿಸಿದರು. ಬಂಡೆ ಏರಿದಷ್ಟೇ ಮೇಲ್ಭಾಗ ಸವೆದರೆ ಬೆಟ್ಟದ ಎತ್ತರ ಬದಲಾಗದು. ವಿದಳನ ಜಾಡು ಅಳೆಯುವುದು ಬಯಲಾಗುವಿಕೆಯನ್ನು, ಎತ್ತರವನ್ನಲ್ಲ.

ಈಗ ನಮ್ಮ ನೆಲಕ್ಕೆ ಬನ್ನಿ. ಸೂರಗೊಂಡನಕೊಪ್ಪದ ಸೀಮೆ ಶಿವಮೊಗ್ಗ ಪದರಶಿಲಾ ಪಟ್ಟಿಗೆ ಸೇರಿದ್ದು. ಇಲ್ಲಿನ ಹಳೆಯ ಮರಳುಗಲ್ಲುಗಳು ಕಾವು, ಒತ್ತಡಗಳಿಂದ ಕ್ವಾರ್ಟ್ಜೈಟ್‌ಗಳಾಗಿವೆ. ಆ ಕಾವು 300 ಡಿಗ್ರಿಗೂ ಮೀರಿದ್ದರಿಂದ ಅಂದಿನ ಬೆಟ್ಟಗಳ ನೆನಪು ಜಾಡುಗಳಲ್ಲಿ ಉಳಿದಿಲ್ಲ. ಶಿವಾಲಿಕ್‌ನಲ್ಲಿ ಗೆದ್ದ ವಿಧಾನ ಇಲ್ಲಿ ಮೂಕವಾಗುತ್ತದೆ.

ಹಾಗೆಂದು ಕೈಚೆಲ್ಲಬೇಕಿಲ್ಲ. ಬಲವಾದ ಗಡಿಯಾರ ಇನ್ನೂ ನಡೆಯುತ್ತಿದೆ. ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯ ಹೆಸರು ಹೊತ್ತ ಶಿಲಾಸ್ತೋಮದ ಜ್ವಾಲಾಮುಖಿ ಶಿಲೆಗೆ 1997ರಲ್ಲಿ ಪ್ರಕಟವಾದ ವಯಸ್ಸು 261.4 ಕೋಟಿ ವರ್ಷ, 80 ಲಕ್ಷ ವರ್ಷ ಹೆಚ್ಚು ಅಥವಾ ಕಡಿಮೆ. ಜ್ವಾಲಾಮುಖಿಯ ಹರಳು ಪದರದೊಂದಿಗೇ ಹುಟ್ಟಿದ್ದರಿಂದ ಇದು ಪದರದ್ದೇ ವಯಸ್ಸು. 1992ರಲ್ಲಿ ಪಶ್ಚಿಮ ಕರ್ನಾಟಕದ ಸರ್ಗೂರು ಶಿಲೆಗಳಲ್ಲಿ ಸುಮಾರು 358 ಕೋಟಿ ವರ್ಷದ ಮರಳುಕಣಗಳು ವರದಿಯಾದವು. ಅವು ಹೇಳುವುದು ಬೇರೆ: ಅಷ್ಟು ಹಳೆಯ ಗ್ರಾನೈಟ್‌ನಂಥ ಶಿಲೆ ಎಲ್ಲೋ ಇತ್ತು, ಮುಂದೆ ಅದು ಬಯಲಾಗಿ ಸವೆಯಿತು. ಎಷ್ಟು ಎತ್ತರವಿತ್ತು, ಎಂದು ಎದ್ದಿತು ಎಂಬುದನ್ನು ಅವು ಹೇಳವು. ಅಲ್ಲದೆ ಒಂದೇ ಜಿರ್ಕಾನ್ ಹಳೆಯ ಮರಳುಗಲ್ಲಿನಿಂದ ಕಳಚಿ ಹೊಸ ಮರಳುಗಲ್ಲಿಗೆ ಎರಡು, ಮೂರು ಸಲ ಸೇರಬಹುದು.

ಆದ್ದರಿಂದ ಇನ್ನು ಮುಂದೆ ಇಂತಹ ವಯಸ್ಸನ್ನು ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಿ. ಯಾವ ಗಡಿಯಾರ? ಅದು ಎಷ್ಟು ಕಾವಿಗೆ ನಡೆಯತೊಡಗಿತು? ಕಲ್ಲು ಮತ್ತೆ ಕಾದಿತ್ತೇ? ವಿದ್ಯಾರ್ಥಿ ಸಂಖ್ಯೆಯನ್ನು ಮರೆತರೂ ಚಿಂತೆಯಿಲ್ಲ. ಅದು ಯಾವ ಘಟನೆಯ ಸಂಖ್ಯೆ ಎಂಬುದನ್ನು ಮರೆಯಬಾರದು.